ಯಂತ್ರದ ಒರೆಗಲ್ಲು

ಹಣವನ್ನು ಸಂಪಾದಿಸುವುದು ಕಷ್ಟವೆಂದೂ, ಉಳಿಸುವುದು ಅದಕ್ಕಿಂತಲೂ ಕಷ್ಟವೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಎಣಿಸುವುದು ಮಾತ್ರ ಸುಖದ ಕೆಲಸವೆಂದು ಎಲ್ಲರೂ ಭಾವಿಸಿರುವರು. ಆದರೆ ಆ ಸುಖವು ತನ್ನ ಹಣವನ್ನು ತಾನೇ ಎಣಿಸಿಕೊಳ್ಳುವವನಿಗೆ ಮಾತ್ರ ಸಲ್ಲತಕ್ಕದ್ದು. ಬೆಳಗಿನಿಂದ ಸಂಜೆಯವರೆಗೆ ಪರರ ಹಣವನ್ನು ಎಣಿಸುತ್ತ, ಬೆರಳಿನ ತುದಿಯನ್ನು ಒದ್ದೆಯ ಸ್ಪಂಜಿಗೆ ಒತ್ತುತ್ತ, ಕಟ್ಟಿನಲ್ಲಿ ತೊಂಬತ್ತೊಂಬತ್ತು ಬಂದಿತೋ ನೂರಾ ಒಂದು ಬಂದಿತೋ ಎಂದು ಬೆವರುತ್ತ ಕುಳಿತಿರುವ ಬ್ಯಾಂಕಿನ ನಗದು ಗುಮಾಸ್ತನನ್ನು ಕೇಳಿದರೆ, ಆತನು ಬೇರೆಯೇ ಮಾತನ್ನು ಹೇಳಿಯಾನು.

ಈಚಿನ ವರ್ಷಗಳಲ್ಲಿ ಆ ಗುಮಾಸ್ತನ ಮಗ್ಗುಲಲ್ಲಿ ಒಂದು ಯಂತ್ರವು ಬಂದು ಕುಳಿತಿದೆ. ನೋಟಿನ ಕಟ್ಟನ್ನು ಅದರ ಬಾಯಿಗಿಟ್ಟರೆ ಗಾಳಿಗೆ ಸಿಕ್ಕ ತರಗೆಲೆಯಂತೆ ಸರಸರನೆ ಸದ್ದುಮಾಡಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಣಿಸಿ ಮುಗಿಸಿ, ಲೆಕ್ಕವನ್ನು ಹೊಳೆಯುವ ಅಂಕಿಗಳಲ್ಲಿ ತೋರಿಸುವುದು. ಒಮ್ಮೊಮ್ಮೆ ಕೀರಲು ದನಿಯಲ್ಲಿ ಕೂಗಿ ನಿಂತುಬಿಡುವುದೂ ಉಂಟು. ಆಗ ಸಾಲಿನಲ್ಲಿ ನಿಂತವರೆಲ್ಲರೂ ತಲೆಯೆತ್ತಿ ನೋಡುವರು. ನೋಟು ತಂದವನು ಎಷ್ಟೇ ಸತ್ಯವಂತನಾಗಿರಲಿ, ಅವನ ಮುಖವು ಒಂದು ಗಳಿಗೆ ಕಳೆಗುಂದುವುದು. ಈ ಯಂತ್ರಗಳು ಏನನ್ನು ಮಾಡುತ್ತವೆ, ಏನನ್ನು ಮಾಡಲಾರವು, ಅವು ಮಾಡಲಾರದ ಕೆಲಸವು ಯಾರ ಪಾಲಿಗೆ ಬಿದ್ದಿದೆ ಎಂಬುದನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾಣ್ಯದ ಕಾಲದಲ್ಲಿ ಪರೀಕ್ಷೆಯು ಸುಲಭವಾಗಿದ್ದಿತು. ಚಿನ್ನಕ್ಕೆ ಒರೆಗಲ್ಲಿತ್ತು, ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿದರೆ ಅದರ ನಾದವೇ ಸಾಕ್ಷಿ ನುಡಿಯುತ್ತಿದ್ದಿತು. ಪೇಟೆಯ ಚಿನಿವಾರನು ಕಿವಿಯಿಂದಲೇ ಖರೆ ಖೋಟಾಗಳನ್ನು ಬೇರ್ಪಡಿಸುತ್ತಿದ್ದನು. ಕಾಗದದ ಹಣಕ್ಕೆ ತೂಕವಿಲ್ಲ, ನಾದವಿಲ್ಲ, ಕರಗಿಸಿದರೆ ಉಳಿಯತಕ್ಕ ಲೋಹವೂ ಇಲ್ಲ. ಅದನ್ನು ತಂದವನಿಗೆ ಇಷ್ಟು ರೂಪಾಯಿಗಳನ್ನು ಕೊಡುವೆನೆಂದು ಅದರ ಮೇಲೆ ಬರೆದಿರುವ ವಚನದಲ್ಲಿಯೇ ಅದರ ಬೆಲೆಯೆಲ್ಲವೂ ಅಡಗಿದೆ. ಆ ವಚನವನ್ನು ಕೊಟ್ಟವರು ನಿಜವಾದ ಒಡೆಯರೋ, ಕಳ್ಳ ಅಚ್ಚುಕೂಟದವರೋ ಎಂಬುದನ್ನು ಕಂಡುಕೊಳ್ಳುವುದು ಹೇಗೆ?

ಈ ತೊಡಕು ನಮ್ಮ ದೇಶದಲ್ಲಿ ನೋಟಿನೊಡನೆಯೇ ಹುಟ್ಟಿತು. 1861ರ ಶಾಸನದಿಂದ ಸರಕಾರವು ನೋಟು ಹೊರಡಿಸುವ ಅಧಿಕಾರವನ್ನು ತಾನೇ ವಹಿಸಿಕೊಂಡಿತು. ವಿಕ್ಟೋರಿಯಾ ರಾಣಿಯ ಮುಖಚಿತ್ರವಿದ್ದ ಆ ಮೊದಲ ನೋಟುಗಳನ್ನು ಕಾಗದದ ಒಂದೇ ಮಗ್ಗುಲಲ್ಲಿ ಅಚ್ಚುಮಾಡುತ್ತಿದ್ದರು. ಖೋಟಾ ನೋಟುಗಳ ಹಾವಳಿ ಹೆಚ್ಚಿದುದರಿಂದ ಅವನ್ನು ಹಿಂತೆಗೆದುಕೊಂಡು 1867ರಲ್ಲಿ ಬೇರೊಂದು ಬಗೆಯ ನೋಟುಗಳನ್ನು ತರಬೇಕಾಯಿತು. ಹಣವನ್ನು ಭದ್ರವಾಗಿ ಕಳುಹಿಸುವ ಉಪಾಯವೂ ಆಗ ವಿಚಿತ್ರವಾಗಿಯೇ ಇದ್ದಿತು. ವರ್ತಕನು ನೋಟನ್ನು ಎರಡಾಗಿ ಕತ್ತರಿಸಿ ಒಂದು ತುಂಡನ್ನು ಅಂಚೆಯಲ್ಲಿ ಕಳುಹಿಸುವನು. ತಲುಪಿತೆಂಬ ಉತ್ತರವು ಬಂದ ಮೇಲೆ ಮತ್ತೊಂದು ತುಂಡನ್ನು ಕಳುಹಿಸುವನು. ಪಡೆದವನು ಎರಡರ ಸಂಖ್ಯೆಗಳನ್ನೂ ತಾಳೆನೋಡಿ ಅಂಟಿಸಿಕೊಳ್ಳುವನು. ದಾರಿಯ ಕಳ್ಳನಿಗೆ ಅರ್ಧ ನೋಟು ಸಿಕ್ಕಿದರೆ ಅವನು ಅದನ್ನು ಇಟ್ಟುಕೊಂಡು ಮಾಡುವುದೇನು? ಕತ್ತರಿಯೇ ಅಂದಿನ ಭದ್ರವಾದ ಬೀಗವಾಗಿದ್ದಿತು.

ಎಣಿಸುವುದು, ಕತ್ತರಿಸುವುದು, ಕಟ್ಟುವುದು ಎಲ್ಲವೂ ಆಗ ಕೈಯ ಕೆಲಸವೇ. ಅಮೆರಿಕದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದ 1862ರಲ್ಲಿ, ಅಲ್ಲಿಯ ಖಜಾನೆಯ ಮುಖ್ಯಾಧಿಕಾರಿಯಾಗಿದ್ದ ಫ್ರಾನ್ಸಿಸ್ ಸ್ಪಿನ್ನರ್ ಎಂಬವರು ಅಚ್ಚಾದ ಹಾಳೆಗಳಿಂದ ನೋಟುಗಳನ್ನು ಕತ್ತರಿಸುವ ಕೆಲಸಕ್ಕೆ ಹೆಂಗಸರನ್ನು ನೇಮಿಸಿಕೊಂಡರು. ಸರಕಾರದ ಕಛೇರಿಯಲ್ಲಿ ಹೆಂಗಸರು ಕೆಲಸಮಾಡುವುದು ಆ ಕಾಲಕ್ಕೆ ಸೋಜಿಗದ ಸಂಗತಿಯಾಗಿದ್ದಿತು. ಮನೆಯಲ್ಲಿ ಹಣವನ್ನು ಜೋಪಾನಮಾಡುವ ಕೈಗಳು ಖಜಾನೆಯಲ್ಲಿಯೂ ಜೋಪಾನಮಾಡಬಲ್ಲವೆಂಬುದು ಬೇಗನೆ ಸಿದ್ಧವಾಯಿತು. ಅದೇ ಖಜಾನೆಯ ಮುದ್ರಣಾಲಯದಲ್ಲಿ ಈಗ ಕತ್ತರಿಸುವುದೂ ಎಣಿಸುವುದೂ ಕಟ್ಟುವುದೂ ಯಂತ್ರದಿಂದಲೇ ಆಗುತ್ತವೆ. 100 ನೋಟುಗಳಿಗೆ ಒಂದು ಕಾಗದದ ಪಟ್ಟಿ, 1,000ಕ್ಕೆ ಒಂದು ಕಂತೆ, 4,000ಕ್ಕೆ ಒಂದು ಇಟ್ಟಿಗೆ, ಅಂತಹ ನಾಲ್ಕು ಇಟ್ಟಿಗೆಗಳು ಸೇರಿ 16,000 ನೋಟುಗಳ ಒಂದು ಮೂಟೆ. ಹೀಗೆ ಅಲ್ಲಿಯ ಕ್ರಮ.

ನಮ್ಮ ದೇಶದ ನೋಟುಗಳು ಮೊದಲು ಇಂಗ್ಲೆಂಡಿನಿಂದ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1928ರಲ್ಲಿ ನಾಸಿಕದ ಮುದ್ರಣಾಲಯವು ಈ ಕೆಲಸವನ್ನಾರಂಭಿಸಿತು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ಸ್ಥಾಪಿತವಾಗಿ, ನೋಟುಗಳ ಭಾರವು ಅದರ ಮೇಲೆ ಬಿದ್ದಿತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ರಿಸರ್ವ್ ಬ್ಯಾಂಕು 1995ರಲ್ಲಿ ಸ್ಥಾಪಿಸಿದ ಮುದ್ರಣ ಸಂಸ್ಥೆಯ ಎರಡು ಅಚ್ಚುಕೂಟಗಳಲ್ಲಿ ಒಂದು ಬಂಗಾಳದ ಸಾಲ್ಬೋನಿಯಲ್ಲಿದ್ದರೆ ಮತ್ತೊಂದು ಮೈಸೂರಿನಲ್ಲಿದೆ. ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಅನಂತರ ಅಲ್ಲಿಯೇ ಬಂದಿತು. 2022ರಲ್ಲಿ ಶಾಯಿಯ ಕಾರ್ಖಾನೆಯೂ ಸೇರಿತು. ಗಂಧದೆಣ್ಣೆಗೂ ರೇಷ್ಮೆಗೂ ಹೆಸರಾದ ಊರಿನಲ್ಲಿ ಈಗ ಹತ್ತಿಯಿಂದ ಕಾಗದವೂ, ಬಣ್ಣ ಬದಲಿಸುವ ಶಾಯಿಯೂ, ಎರಡೂ ಕೂಡಿದ ನೋಟೂ ಹುಟ್ಟುತ್ತವೆ. ನೋಟಿನ ಹಿಂಬದಿಯಲ್ಲಿರುವ 15 ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡದ್ದೆಂಬುದನ್ನು ಮಕ್ಕಳಿಗೆ ತೋರಿಸತಕ್ಕದ್ದು.

ಇನ್ನು ಕಟ್ಟುವ ವಿಷಯ. ನಮ್ಮಲ್ಲಿಯೂ 100 ನೋಟುಗಳಿಗೆ ಒಂದು ಕಟ್ಟು. ಹತ್ತು ಕಟ್ಟುಗಳಿಗೆ ಒಂದು ಕಂತೆ. ಹಿಂದೆ ಈ ಕಟ್ಟುಗಳಿಗೆ ದಪ್ಪ ತಂತಿಯ ಪಿನ್ನುಗಳನ್ನು ಹೊಡೆಯುತ್ತಿದ್ದುದು ಅನೇಕರ ನೆನಪಿನಲ್ಲಿರಬಹುದು. ಮದುವೆಯ ಮನೆಯಲ್ಲಿ ಹೊಸ ನೋಟಿನ ಕಟ್ಟನ್ನು ಬಿಡಿಸಲು ಇಕ್ಕಳ ತಾ, ಚಾಕು ತಾ ಎಂದು ಗದ್ದಲವೇಳುತ್ತಿದ್ದಿತು. ನಡುವೆ ಒಂದನ್ನೂ ಕದಿಯಲಾಗದೆಂಬ ಭರವಸೆಗೋಸ್ಕರ ಆ ತಂತಿ. ಆದರೆ ಪ್ರತಿಯೊಂದು ಸಲವೂ ಬಿಚ್ಚಿ ಮತ್ತೆ ಹೊಡೆದು ನೋಟಿನ ಎಡ ಅಂಚು ಜರಡಿಯಾಗುತ್ತಿದ್ದಿತು. ಕೈಗೆ ಗಾಯವಾಗುವುದು ಬೇರೆ. 2001ರಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕುಗಳು ಇನ್ನು ನೋಟಿಗೆ ಪಿನ್ನು ಹೊಡೆಯಕೂಡದು, ಕಾಗದದ ಪಟ್ಟಿಯಿಂದಲೇ ಕಟ್ಟಬೇಕು, ಒಳ್ಳೆಯ ನೋಟುಗಳನ್ನೂ ಹಾಳಾದವನ್ನೂ ಬೇರ್ಪಡಿಸಬೇಕು ಎಂದು ವಿಧಿಸಿತು. ತಂತಿಯ ಮೇಲಿದ್ದ ನಂಬಿಕೆಯು ಎಣಿಸುವ ಯಂತ್ರದ ಮೇಲೂ ಪಟ್ಟಿಯ ಮೇಲಿನ ಮೊಹರಿನ ಮೇಲೂ ಬಂದು ನಿಂತಿತು.

ಅಚ್ಚುಕೂಟದಲ್ಲಿಯೂ ಇಂತಹದೇ ಒಂದು ಸುಧಾರಣೆಯಾಯಿತು. ಹೊಸ ಕಟ್ಟಿನಲ್ಲಿ 100 ನೋಟುಗಳ ಸಂಖ್ಯೆಗಳು ಒಂದರ ಮೇಲೊಂದು ಬರಬೇಕಷ್ಟೆ. ಪರೀಕ್ಷೆಯಲ್ಲಿ ಒಂದು ನೋಟು ಕೆಟ್ಟಿರುವುದು ಕಂಡುಬಂದರೆ ಅದೇ ಸಂಖ್ಯೆಯ ಬೇರೊಂದನ್ನು ಅಚ್ಚುಮಾಡಿ ಸೇರಿಸಬೇಕಾಗುತ್ತಿದ್ದಿತು. 2006ರಿಂದ ಆ ಸ್ಥಾನದಲ್ಲಿ ನಕ್ಷತ್ರದ ಗುರುತುಳ್ಳ ನೋಟನ್ನು ಇಡುವ ಪದ್ಧತಿಯು ಬಂದಿದೆ. ಸಂಖ್ಯೆಯ ನಡುವೆ ನಕ್ಷತ್ರವನ್ನು ಕಂಡು ಖೋಟಾ ಎಂದು ಹೆದರುವವರುಂಟು. ಅದು ಖೋಟಾ ಅಲ್ಲ; ರಜೆಯ ಮೇಲೆ ಹೋದ ಗುಮಾಸ್ತನ ಸ್ಥಾನದಲ್ಲಿ ಕುಳಿತ ಬದಲಿ ಗುಮಾಸ್ತನಂತೆ, ಬೆಲೆಯಲ್ಲಿ ಯಾವ ಕೊರತೆಯೂ ಇಲ್ಲದ ನೋಟು.

ಈಗ ಯಂತ್ರದ ಒಳಹೊಕ್ಕು ನೋಡೋಣ. ಬ್ಯಾಂಕಿನ ಶಾಖೆಯಲ್ಲಿರುವುದು ಚಿಕ್ಕದು. ಅದರ ದೊಡ್ಡಣ್ಣಂದಿರು ರಿಸರ್ವ್ ಬ್ಯಾಂಕಿನ ಕಛೇರಿಗಳಲ್ಲಿದ್ದಾರೆ. ಅಲ್ಲಿಯ ಒಂದು ಯಂತ್ರವು ಗಂಟೆಗೆ 50,000ದಿಂದ 60,000 ನೋಟುಗಳನ್ನು ಪರೀಕ್ಷಿಸಬಲ್ಲುದು. ಎಂದರೆ ಸೆಕೆಂಡಿಗೆ ಸುಮಾರು 14ರಿಂದ 17. ಕಟ್ಟಿನಿಂದ ನೋಟುಗಳನ್ನು ಒಂದೊಂದಾಗಿ ಬಿಡಿಸಿ, ಓಡುವ ಪಟ್ಟಿಗಳ ನಡುವೆ ಸಾಗಿಸಿ, ಹಲವು ಕಣ್ಣುಗಳ ಮುಂದೆ ಹಾಯಿಸುವುದು. ಒಂದು ಕಣ್ಣು ಉದ್ದಗಲಗಳನ್ನು ಅಳೆಯುವುದು. ಮತ್ತೊಂದು ದಪ್ಪವನ್ನು ನೋಡಿ, ಎರಡು ನೋಟುಗಳು ಅಂಟಿಕೊಂಡಿವೆಯೇ, ಹರಿದುದಕ್ಕೆ ಅಂಟುಪಟ್ಟಿ ಹಚ್ಚಿದ್ದಾರೆಯೇ ಎಂದು ತಿಳಿಯುವುದು. ಮೂರನೆಯದು ಎರಡು ಮುಖಗಳ ಚಿತ್ರವನ್ನೂ ತನ್ನ ನೆನಪಿನಲ್ಲಿರುವ ಮಾದರಿಯೊಡನೆ ತಾಳೆನೋಡುವುದು. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣದ ಪರೀಕ್ಷೆಯೂ ಉಂಟು. ಅಂಗಡಿಯಲ್ಲಿ ಸಿಗುವ ಬಿಳಿಯ ಕಾಗದವು ಆ ಕಿರಣದಲ್ಲಿ ತಳತಳನೆ ಹೊಳೆಯುವುದು. ನೋಟಿನ ಹತ್ತಿಯ ಕಾಗದವು ಮಂಕಾಗಿದ್ದು, ಅದರಲ್ಲಿ ಸೇರಿಸಿದ ನವುರಾದ ಎಳೆಗಳು ಮಾತ್ರ ಮಿನುಗುವುವು. ಹೊಳೆಯುವುದೇ ಇಲ್ಲಿ ಸುಳ್ಳು, ಮಂಕೇ ಸತ್ಯ!

ಖರೆ ಖೋಟಾಗಳ ತೀರ್ಪಾದ ಮೇಲೆ ಎರಡನೆಯ ತೀರ್ಪೊಂದಿದೆ. ನೋಟು ನಿಜವಾದುದಾದರೂ ಇನ್ನೂ ತಿರುಗಾಡುವ ಶಕ್ತಿಯುಳ್ಳದ್ದೇ? ಕೊಳೆ, ಕಲೆ, ಹರಕು, ಮಡಿಕೆ, ಬಣ್ಣಗೆಡುವುದು, ಮೆತ್ತಗಾಗುವುದು, ಮೇಲೆ ಬರೆದಿರುವುದು ಇವೆಲ್ಲವನ್ನೂ ಯಂತ್ರವು ಎಣಿಕೆಗೆ ತರುವುದು. ತೂತು 8 ಚದರ ಮಿಲಿಮೀಟರಿಗೆ ಮೀರಿದ್ದರೆ ಆ ನೋಟಿಗೆ ನಿವೃತ್ತಿ. ಇಂತಹದನ್ನು ರಿಸರ್ವ್ ಬ್ಯಾಂಕಿನ ಯಂತ್ರವು ಅಲ್ಲಿಯೇ ಚೂರುಚೂರು ಮಾಡುವುದು. ಹಿಂದೆ ಹಾಳಾದ ನೋಟುಗಳನ್ನು ಸುಡುತ್ತಿದ್ದರು. ಈಗ ಚೂರುಗಳನ್ನು ಒತ್ತಿ ಗಟ್ಟಿಮಾಡುತ್ತಾರೆ. ಆ ಗಟ್ಟಿಗಳು ಕುಲುಮೆಗೆ ಸೌದೆಯಾಗುವುದುಂಟು. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದಾಗ ಚಲಾವಣೆಯಲ್ಲಿದ್ದ 15.41 ಲಕ್ಷ ಕೋಟಿ ರೂಪಾಯಿಗಳಲ್ಲಿ 15.31 ಲಕ್ಷ ಕೋಟಿಯಷ್ಟು ಹಿಂದಕ್ಕೆ ಬಂದಿತು. ಆ ರಾಶಿಯನ್ನೆಲ್ಲ ಎಣಿಸಿ ಪರೀಕ್ಷಿಸಿ ಪುಡಿಮಾಡುವ ಕೆಲಸವು ಈ ಯಂತ್ರಗಳ ಪಾಲಿಗೆ ಬಂದಿತು. ಕೇರಳದಲ್ಲಿ ಆ ಚೂರುಗಳ ಒಂದು ಭಾಗವು ಕಣ್ಣೂರಿನ ಕಾರ್ಖಾನೆಯಲ್ಲಿ ಮರದ ತಿರುಳಿನೊಡನೆ ಬೆರೆತು ಹಲಗೆಯಾಯಿತು. ನಿನ್ನೆ ಜನರನ್ನು ಸಾಲಿನಲ್ಲಿ ನಿಲ್ಲಿಸಿದ ಹಣವು ಇಂದು ಯಾರದೋ ಮನೆಯ ಹಲಗೆ. ದುಡ್ಡೇ ದೊಡ್ಡಪ್ಪನೆನ್ನುವವರು ಇದನ್ನು ಆಲೋಚಿಸಬಹುದು.

ಸಂಶಯವುಳ್ಳ ನೋಟನ್ನು ಮಾತ್ರ ಯಂತ್ರವು ಚೂರುಮಾಡುವುದಿಲ್ಲ. ಅದನ್ನು ಬೇರೊಂದು ಗೂಡಿಗೆ ತಳ್ಳುವುದು. ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಕೊನೆಯ ಮಾತು ಹೇಳತಕ್ಕವನು ಮನುಷ್ಯನೇ.

2009ರ ನವೆಂಬರಿನಲ್ಲಿ ಹೊರಟ ಆಜ್ಞೆಯ ಪ್ರಕಾರ, 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳನ್ನು ಯಂತ್ರದಲ್ಲಿ ಪರೀಕ್ಷಿಸದೆ ಬ್ಯಾಂಕುಗಳು ಮತ್ತೆ ಜನರ ಕೈಗೆ ಕೊಡಕೂಡದು. ಹಣ ಕೊಡುವ ಯಂತ್ರಗಳಲ್ಲಿ ತುಂಬುವ ನೋಟುಗಳಿಗೂ ಇದೇ ನಿಯಮ. ಇದರಿಂದ ಬ್ಯಾಂಕಿನಿಂದ ಬರುವ ನೋಟಿನ ಮೇಲೆ ನಮಗೆ ಭರವಸೆಯುಂಟಾಗಿದೆ. ಆದರೆ ನೋಟು ಬ್ಯಾಂಕಿನಿಂದ ಹೊರಟು ಮತ್ತೆ ಬ್ಯಾಂಕಿಗೆ ಬರುವವರೆಗೆ ಎಷ್ಟು ಕೈಗಳನ್ನು ದಾಟುವುದು! ಆ ದಾರಿಯಲ್ಲೆಲ್ಲಿಯೂ ಯಂತ್ರವಿಲ್ಲ. ಯಂತ್ರವಿಲ್ಲದ ಆ ದಾರಿಯಲ್ಲಿ ಏನಾಗುವುದೆಂಬುದನ್ನು ನಾವು ಒಂದು ದಿನ ಕಣ್ಣಾರೆ ಕಂಡೆವು.

ಯಾವುದೋ ಒಂದು ಬ್ಯಾಂಕು. ಅದರ ಹೆಸರು ಇಲ್ಲಿ ಬೇಕಿಲ್ಲ. ನಮ್ಮ ಮುಂದೆ ಹೂವು ಮಾರುವ ಹೆಂಗಸೊಬ್ಬಳು ನಿಂತಿದ್ದಳು. ಸೆರಗಿನ ಗಂಟಿನಿಂದ ಒದ್ದೆಯಾದ ನೋಟುಗಳನ್ನು ತೆಗೆದು ಒಂದೊಂದಾಗಿ ನೀವಿ ಕೊಟ್ಟಳು. ಯಂತ್ರವು ಓಡಿತು, ಕೂಗಿತು, ನಿಂತಿತು. ಗುಮಾಸ್ತನು 500 ರೂಪಾಯಿಯ ಒಂದು ನೋಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದನು.

“ಅಮ್ಮಾ, ಇದು ಖೋಟಾ ನೋಟು.”

“ಹೂವ ತಕ್ಕೊಂಡೋರು ಕೊಟ್ಟಿದ್ದು ಸ್ವಾಮಿ, ನಂಗೇನು ಗೊತ್ತು? ಅದನ್ನ ಇತ್ಲಾಗೆ ಕೊಟ್ಬಿಡಿ. ಯಾರು ಕೊಟ್ರೋ ಅವರಿಗೇ ಕೊಡ್ತೀನಿ.”

“ವಾಪಸ್ಸು ಕೊಡೋ ಹಾಗಿಲ್ಲಮ್ಮ. ಕೊಟ್ಟರೆ ನನ್ನ ಕೆಲಸಕ್ಕೇ ಕುತ್ತು.”

ಗುಮಾಸ್ತನು ದಯವಿಲ್ಲದವನಲ್ಲ. ಅವನ ದನಿಯಲ್ಲಿ ಸಂಕೋಚವು ತೋರುತ್ತಿದ್ದಿತು. ಅವನು ನಿಯಮದಂತೆ ನೋಟಿನ ಮೇಲೆ ಮೊಹರನ್ನೊತ್ತಿ, ಅದನ್ನು ತೆಗೆದಿಟ್ಟುಕೊಂಡು, ಆಕೆಗೆ ಒಂದು ರಸೀದಿಯನ್ನು ಕೊಟ್ಟನು. ಆಕೆಯು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದಕ್ಕೆ ದುಡ್ಡು ಯಾವಾಗ ಕೊಡ್ತಾರೆ ಸ್ವಾಮಿ?” ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಮೊಗ್ಗಿನ ಬೆಲೆ, ದಾರದ ಬೆಲೆ, ಬಸ್ಸಿನ ಚಾರ್ಜು ಕಳೆದು ಎಷ್ಟು ಮೊಳ ಹೂವು ಮಾರಿದರೆ ಅಷ್ಟು ಹಣವು ಉಳಿದೀತೆಂದು ನಾವು ಮನಸ್ಸಿನಲ್ಲಿಯೇ ಲೆಕ್ಕಹಾಕಿದೆವು, ಲೆಕ್ಕವು ಮುಗಿಯಲಿಲ್ಲ.

ನಿಯಮವು ಕಠಿನವಾದರೂ ಅನ್ಯಾಯದ್ದೆಂದು ಹೇಳಲಾಗದು. ಖೋಟಾ ನೋಟಿಗೆ ಬ್ಯಾಂಕು ಬೆಲೆ ಕೊಡುವುದಾದರೆ ಕಳ್ಳ ಅಚ್ಚುಕೂಟದವನೇ ಮೊದಲು ಸಾಲಿನಲ್ಲಿ ನಿಂತಾನು. ಹಿಂದಕ್ಕೆ ಕೊಟ್ಟರೆ ಅದು ಮತ್ತೊಬ್ಬ ಬಡವನ ಕೈಗೆ ಸೇರೀತು. ಒಂದು ಸಲಕ್ಕೆ ನಾಲ್ಕು ನೋಟುಗಳವರೆಗೆ ಸಿಕ್ಕಿದರೆ ಬ್ಯಾಂಕು ತಿಂಗಳ ಕೊನೆಯಲ್ಲಿ ಪೊಲೀಸರಿಗೆ ವರದಿ ಕಳುಹಿಸುವುದು. ಐದು ಅಥವಾ ಅದಕ್ಕಿಂತ ಹೆಚ್ಚಿಗೆ ಸಿಕ್ಕಿದರೆ ಕೂಡಲೆ ದೂರು ದಾಖಲಾಗುವುದು. ಅರಿಯದೆ ತಂದ ಒಂದು ನೋಟಿಗೆ ಆ ಹೆಂಗಸನ್ನು ಯಾರೂ ಸೆರೆಗೆ ಕಳುಹಿಸಲಿಲ್ಲ. ಆದರೆ ಹಣವು ಹೋಯಿತು. ಯಂತ್ರವು ಸುಳ್ಳನ್ನು ಹಿಡಿಯಬಲ್ಲುದು. ಆ ಸುಳ್ಳನ್ನು ಮೊದಲು ನುಡಿದವನನ್ನು ಹಿಡಿಯಲಾರದು. ನಷ್ಟವೆಲ್ಲವೂ ಯಂತ್ರದ ಮುಂದೆ ಬಂದು ನಿಂತ ಕಟ್ಟಕಡೆಯವರದು.

ಆ ನೋಟು ಆಕೆಗೆ ಬಂದುದು ಸಂಜೆಯ ಮಬ್ಬಿನಲ್ಲಿರಬಹುದು. ಒಂದು ಕೈಯಲ್ಲಿ ಮಾಲೆ, ಮತ್ತೊಂದರಲ್ಲಿ ಚಿಲ್ಲರೆ, ಮುಂದೆ ಅವಸರಪಡುವ ನಾಲ್ಕು ಜನ. ಕೊಟ್ಟವನ ಮನೆಯಲ್ಲಿ ದೀಪವಿದ್ದಿತು, ಕನ್ನಡಕವಿದ್ದಿತು, ವಿರಾಮವಿದ್ದಿತು. ಅವನು ನೋಡಿದ್ದರೆ ನಷ್ಟವು ಅಲ್ಲಿಯೇ ನಿಲ್ಲುತ್ತಿದ್ದಿತು. ಒಂದು ವೇಳೆ ನೋಡಿ, ಸಂಶಯಪಟ್ಟು, ಹೂವಿನವಳಿಗೆ ದಾಟಿಸಿದನೆಂದರೆ ಅದು ಬರಿಯ ಅಲಕ್ಷ್ಯವಲ್ಲ. ಖೋಟಾ ಎಂದು ತಿಳಿದೂ ಚಲಾಯಿಸುವುದು ಹಿಂದಿನ ದಂಡಸಂಹಿತೆಯಲ್ಲಿ ಘೋರಾಪರಾಧವಾಗಿದ್ದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಾಗೆಯೇ ಇದೆ.

ಈಗ ಹೂವಿನ ಬುಟ್ಟಿಗೂ ಚೌಕಳಿಯ ಚಿತ್ರವಂಟಿಸಿ, ಮೊಬೈಲಿನಿಂದಲೇ ಹಣ ಪಡೆಯುತ್ತಾರೆ, ಇನ್ನು ನೋಟಿನ ಮಾತೇಕೆ ಎಂದು ವಾಚಕರು ಕೇಳಬಹುದು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯವು 2016ರ ಮಾರ್ಚಿಯಲ್ಲಿ 16 ಲಕ್ಷ ಕೋಟಿ ರೂಪಾಯಿಗಳಿಗೆ ಸ್ವಲ್ಪ ಮೇಲೆ ಇದ್ದುದು, 2024ರ ಮಾರ್ಚಿಯಲ್ಲಿ 34 ಲಕ್ಷ ಕೋಟಿಯನ್ನು ದಾಟಿತು. ನೋಟು ಮನೆಯಿಂದ ಹೊರಟುಹೋಗಿಲ್ಲ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದಾಗಿ, ದೊಡ್ಡ ನೋಟನ್ನು ಅಪರಿಚಿತರಿಂದ ಪಡೆಯುವಾಗ ಒಂದು ಗಳಿಗೆ ನಿಂತು ನೋಡುವುದು. ಇದರಲ್ಲಿ ಅವಮಾನವೇನೂ ಇಲ್ಲ. ಚಿನಿವಾರನು ರೂಪಾಯಿಯನ್ನು ಚಿಮ್ಮಿದರೆ ಯಾರೂ ಕೋಪಿಸಿಕೊಳ್ಳುತ್ತಿರಲಿಲ್ಲ. 500ರ ನೋಟನ್ನು ಬೆಳಕಿಗೆ ಹಿಡಿದರೆ ಗಾಂಧೀಜಿಯವರ ಮುಖವು ಕಾಗದದ ಒಳಗಿಂದ ತೋರಬೇಕು. ಓರೆಮಾಡಿದರೆ ಭದ್ರತೆಯ ಎಳೆಯು ಹಸಿರಿನಿಂದ ನೀಲಿಗೆ ತಿರುಗಬೇಕು. ಎರಡೂ ಅಂಚುಗಳಲ್ಲಿ ಉಬ್ಬಿದ ಐದೈದು ಓರೆಗೆರೆಗಳು ಬೆರಳಿಗೆ ಸಿಗಬೇಕು. ಈ ಗೆರೆಗಳನ್ನು ಕಣ್ಣು ಕಾಣದವರಿಗಾಗಿ ಇಟ್ಟಿದ್ದಾರೆ. ನೋಟು ಸವೆದು ಮೆತ್ತಗಾದರೆ ಅವರ ಬೆರಳಿಗೆ ಅದು ಮೂಕವಾಗುವುದು. ಮಡಿಸಿ ಮುದುರಿ ಮೇಲೆ ಲೆಕ್ಕ ಬರೆಯುವವರು ಇದನ್ನು ನೆನೆಯಬೇಕು.

ಎರಡನೆಯದಾಗಿ, ಹರಿದ ನೋಟಿನ ವಿಷಯ. ಇದನ್ನು ಹಿಡಿದು ಕಮಿಷನ್ ಕೊಟ್ಟು ದಲ್ಲಾಳಿಗಳಲ್ಲಿ ಬದಲಾಯಿಸುವ ಬಡವರು ಪೇಟೆಗಳಲ್ಲಿದ್ದಾರೆ. ಬ್ಯಾಂಕಿನ ಶಾಖೆಯಲ್ಲಿಯೇ ಇದನ್ನು ಬದಲಾಯಿಸಿಕೊಳ್ಳಬಹುದು. 20 ರೂಪಾಯಿ ಮತ್ತು ಅದಕ್ಕೆ ಕೆಳಗಿನ ನೋಟಿನ ಅರ್ಧಕ್ಕೂ ಹೆಚ್ಚಿನ ಭಾಗವು ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ ಸಿಗುವುದು. 50 ಮತ್ತು ಅದಕ್ಕೆ ಮೇಲಿನದಕ್ಕೆ ನೂರಕ್ಕೆ 80 ಪಾಲಿಗಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, 40ರಿಂದ 80 ಪಾಲು ಉಳಿದಿದ್ದರೆ ಅರ್ಧ. ಮನೆಗೆಲಸದವರಿಗೆ, ಹಾಲಿನವರಿಗೆ ಇದನ್ನು ತಿಳಿಸಿಕೊಡುವುದೂ ಒಂದು ದಾನವೇ.

ಮೂರನೆಯ ಮಾತು ನಮ್ಮ ಮನಸ್ಸಿಗೆ ಹತ್ತಿರವಾದುದು. ಅನೇಕ ಮನೆಗಳಲ್ಲಿಯೂ ಒಂದು ನೋಟು ವಿಂಗಡಿಸುವ ಯಂತ್ರವುಂಟು. ಗರಿಗರಿಯಾದವು ಮುಯ್ಯಿಗೆ, ಆರತಿಯ ತಟ್ಟೆಗೆ, ಬೀಗರ ಮನೆಯ ಮಕ್ಕಳಿಗೆ. ಕೊಳೆಯಾದವು, ಹರಿದು ಅಂಟಿಸಿದವು ತರಕಾರಿಯವನಿಗೆ, ಆಟೋದವನಿಗೆ, ಹೂವಿನವಳಿಗೆ. ಹೀಗೆ ಮಾಡುವವರಲ್ಲಿ ಯಾರಿಗೂ ಕೇಡಿನ ಬುದ್ಧಿಯಿರುವುದಿಲ್ಲ, ರೂಢಿಯಷ್ಟೆ. ಆದರೂ ಎರಡು ವಿಂಗಡಣೆಗಳಿಗೆ ಒಂದು ಭೇದವಿದೆ. ಬ್ಯಾಂಕಿನ ಯಂತ್ರವು ನೋಟಿನ ಯೋಗ್ಯತೆಯನ್ನು ನೋಡುತ್ತದೆ. ಮನೆಯ ಯಂತ್ರವು ಪಡೆಯುವವರ ಯೋಗ್ಯತೆಯನ್ನು ನೋಡುತ್ತದೆ. ಹಾಳಾದ ನೋಟನ್ನು ಬ್ಯಾಂಕಿಗೆ ಹೋಗಿ ಬದಲಾಯಿಸಲು ಬಿಡುವಿರುವವರು ಅದನ್ನು ಬಿಡುವಿಲ್ಲದವರಿಗೆ ಕೊಟ್ಟುಬಿಡುವರು.

ನೋಟಿನ ಪರೀಕ್ಷೆಗೆ ಕಾಣದ ಕಿರಣಗಳೂ, ನೆನಪುಳ್ಳ ಯಂತ್ರಗಳೂ, ಭದ್ರವಾದ ಕಟ್ಟುಗಳೂ ಬಂದಿವೆ. ಇನ್ನೂ ಚೆನ್ನಾದವು ಬಂದಾವು. ಅವೆಲ್ಲವೂ ಬ್ಯಾಂಕಿನ ಬಾಗಿಲೊಳಗೆ ಕೆಲಸಮಾಡತಕ್ಕವು. ಬಾಗಿಲಿನ ಹೊರಗೆ, ಸಂತೆಯಲ್ಲಿ, ಬೀದಿಯಲ್ಲಿ, ಮನೆಯ ಜಗಲಿಯಲ್ಲಿ ನೋಟಿಗೆ ಒರೆಗಲ್ಲಾಗತಕ್ಕವರು ಅದನ್ನು ಕೈಯಲ್ಲಿ ಹಿಡಿದವರೇ. ತಿಂಗಳ ಮೊದಲಿನಲ್ಲಿ ಮನೆಯ ಖರ್ಚಿಗೆಂದು ಹಣ ತೆಗೆದಿಡುವ ಗೃಹಿಣಿಯರು ಮುಂದಿನ ಸಲ ಆ ನೋಟುಗಳನ್ನು ದೀಪದ ಬೆಳಕಿನಲ್ಲಿ ಒಂದು ಸಾರಿ ನೋಡಿ, ಅವುಗಳಲ್ಲಿ ಅತ್ಯಂತ ಒಳ್ಳೆಯದನ್ನು ಹೂವಿನವಳ ಕೈಗೆ ಇಡುವುದಾದರೆ ಈ ಬರಹವು ಸಾರ್ಥಕವಾಯಿತೆಂದು ನಾವು ಭಾವಿಸುವೆವು.